ಕಪ್ಪು ಬೀನ್ಸೂ ಹುಳಿಯ ಮರ್ಮವೂ

ಬೇಳೆ ಬೆಂದ ಮೇಲೆಯೇ ಹುಣಸೆಹಣ್ಣಿನ ರಸವನ್ನು ಹಾಕಬೇಕೆಂಬುದು ನಮ್ಮ ಅಡಿಗೆಮನೆಗಳ ಹಳೆಯ ಕಟ್ಟಳೆ. ಏಕೆ ಹಾಗೆ ಎಂದು ಮನೆಯ ಹಿರಿಯರನ್ನು ಕೇಳಿದರೆ, ಮೊದಲೇ ಹುಳಿ ಬಿದ್ದರೆ ಬೇಳೆ ಬೇಯುವುದಿಲ್ಲವೆಂದು ಹೇಳುತ್ತಾರೆ. ಉತ್ತರ ಸರಿಯಾದುದೇ. ಆದರೆ ವಿಜ್ಞಾನದ ವಿದ್ಯಾರ್ಥಿಗೆ ಅಷ್ಟರಿಂದ ತೃಪ್ತಿಯಾಗಲಾರದು. ಹುಳಿಗೂ ಬೇಯುವಿಕೆಗೂ ಇರುವ ಸಂಬಂಧವೇನು? ಇದನ್ನು ತಿಳಿಯಲು ಮೆಕ್ಸಿಕೊ ದೇಶದ ಒಂದು ಸರಳ ವ್ಯಂಜನವನ್ನು ಪಾಠವಾಗಿ ತೆಗೆದುಕೊಳ್ಳೋಣ. ಬೇಯಿಸಿದ ಕಪ್ಪು ಬೀನ್ಸ್ ಕಾಳು, ಅದರ ಮೇಲೆ ಹಸಿ ಟೊಮೇಟೊವಿನ ಸಾಲ್ಸಾ, ಇಷ್ಟೇ ಅದು.

ಈ ಪಾಠವನ್ನು ನಾವು ಕಲಿತದ್ದು ತಪ್ಪು ಮಾಡಿ. ಮೊದಲ ಸಲ ಇದನ್ನು ಮಾಡಲು ಹೊರಟಾಗ ಕಾಳು, ಟೊಮೇಟೊ, ನಿಂಬೆರಸ ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಹಾಕಿ ಒಲೆಗೇರಿಸಿದೆವು. ಎರಡು ಗಂಟೆ ಕುದಿದರೂ ಕಾಳು ಹಲ್ಲಿಗೆ ಗಟ್ಟಿಯಾಗಿಯೇ ಉಳಿಯಿತು. ಊಟಕ್ಕೆ ಬಂದಿದ್ದ ಮಿತ್ರರಿಗೆ ಮೊಸರನ್ನ ಬಡಿಸಿ ಮಾನ ಉಳಿಸಿಕೊಳ್ಳಬೇಕಾಯಿತು.

ಕಾಳಿನ ಪರಿಚಯ

ಕಪ್ಪು ಬೀನ್ಸ್ ಎಂಬುದು ನಮ್ಮ ಉದ್ದೂ ಅಲ್ಲ, ಹುರುಳಿಯೂ ಅಲ್ಲ. ಸಸ್ಯಶಾಸ್ತ್ರಜ್ಞರು ಇದನ್ನು ಫೇಸಿಯೋಲಸ್ ವಲ್ಗಾರಿಸ್ ಎಂದು ಕರೆಯುತ್ತಾರೆ. ನಾವು ಪಲ್ಯ ಮಾಡುವ ಹುರುಳಿಕಾಯಿ, ಅಂದರೆ ಪೇಟೆಯ ಬೀನ್ಸ್, ಹಾಗೂ ರಾಜ್ಮಾ ಕಾಳು ಇದೇ ಜಾತಿಗೆ ಸೇರಿದವು. ಮೆಕ್ಸಿಕೊ ಪ್ರದೇಶದಲ್ಲಿಯೂ ದಕ್ಷಿಣ ಅಮೆರಿಕದ ಆಂಡೀಸ್ ಪ್ರದೇಶದಲ್ಲಿಯೂ ಜನರು ಇದನ್ನು ಬೇರೆಬೇರೆಯಾಗಿ ಕೃಷಿಗೆ ಒಳಪಡಿಸಿದರು. ೧೪೯೨ರಲ್ಲಿ ಕೊಲಂಬಸನು ಅಮೆರಿಕವನ್ನು ತಲಪಿದ ಮೇಲೆ ಇದು ಸಾಗರ ದಾಟಿ ಇತರ ಖಂಡಗಳಿಗೆ ಹರಡಿತು. ಟೊಮೇಟೊ ಮತ್ತು ಮೆಣಸಿನಕಾಯಿಗಳ ತವರೂ ಅಮೆರಿಕವೇ. ಟೊಮೇಟೊ ಎಂಬ ಹೆಸರು ಆಸ್ಟೆಕ್ ಜನರ ನಹುವಾತ್ಲ್ ಭಾಷೆಯ 'ತೊಮಾತ್ಲ್' ಎಂಬ ಮಾತಿನಿಂದ ಬಂದಿದೆ. ಮೆಕ್ಸಿಕೊದ ವೆರಾಕ್ರೂಸ್, ಒವಾಹಾಕಾ, ಯುಕಾತಾನ್ ಪ್ರಾಂತಗಳಲ್ಲಿ ಇಂದಿಗೂ ಕಪ್ಪು ಕಾಳಿಗೇ ಮೊದಲ ಮನ್ನಣೆ.

ನೀರು ಕುಡಿಯುವ ಕಾಳು

ಒಣಗಿದ ಕಾಳಿನ ಸಿಪ್ಪೆ ನೀರನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ. ಕಾಳಿನ ಒಳಬಾಗಿದ ಬದಿಯಲ್ಲಿ ಒಂದು ಬಿಳಿಯ ಗುರುತನ್ನು ನೋಡಬಹುದು. ಕಾಳು ಕಾಯಿಗೆ ಅಂಟಿಕೊಂಡಿದ್ದ ಸ್ಥಳವಿದು. ಇದರ ಪಕ್ಕದಲ್ಲಿ ಒಂದು ಸೂಕ್ಷ್ಮ ರಂಧ್ರವಿದೆ. ಮೊದಮೊದಲು ನೀರು ಬಹುಮಟ್ಟಿಗೆ ಈ ಭಾಗದಿಂದಲೇ ಪ್ರವೇಶಿಸುತ್ತದೆ. ಹತ್ತು ಕಾಳುಗಳ ಈ ಗುರುತಿನ ಮೇಲೆ ಕರಗಿಸಿದ ಮೇಣವನ್ನು ಹಚ್ಚಿ, ಇನ್ನು ಹತ್ತನ್ನು ಹಾಗೆಯೇ ಬಿಟ್ಟು, ಎರಡು ಗುಂಪುಗಳನ್ನೂ ನೆನೆಹಾಕಿ ಗಂಟೆಗೊಮ್ಮೆ ತೂಗಿ ನೋಡಿದರೆ ಈ ಮಾತನ್ನು ವಿದ್ಯಾರ್ಥಿಗಳೇ ಪರೀಕ್ಷಿಸಬಹುದು. ರಾತ್ರಿಯೆಲ್ಲ ನೆನೆದ ಕಾಳು ಸುಮಾರು ತನ್ನಷ್ಟೇ ತೂಕದ ನೀರನ್ನು ಹೀರಿ ಇಮ್ಮಡಿ ತೂಗುತ್ತದೆ.

ನೆನೆಸಿದ ನೀರು ಕಪ್ಪು ನೇರಿಳೆಯಾಗಿರುತ್ತದೆ. ಆಂಥೊಸಯನಿನ್ ಎಂಬ ವರ್ಣದ್ರವ್ಯಗಳೇ ಇದಕ್ಕೆ ಕಾರಣ. ಆ ನೀರನ್ನು ಎರಡು ಗಾಜಿನ ಲೋಟಗಳಿಗೆ ಹಂಚಿ, ಒಂದಕ್ಕೆ ನಿಂಬೆರಸವನ್ನೂ ಇನ್ನೊಂದಕ್ಕೆ ಚಿಟಿಕೆ ಅಡಿಗೆ ಸೋಡವನ್ನೂ ಹಾಕಿ. ಮೊದಲನೆಯದು ಕೆಂಪಿಗೆ ತಿರುಗಿದರೆ ಎರಡನೆಯದು ನೀಲಿ ಅಥವಾ ಹಸಿರು ಛಾಯೆಯನ್ನು ಪಡೆಯುತ್ತದೆ. ಅಡಿಗೆಮನೆಯಲ್ಲಿಯೇ ನಮಗೆ ಲಿಟ್ಮಸ್ ದೊರೆತಂತಾಯಿತು.

ಬೇಯುವುದೆಂದರೇನು?

ಕಾಳಿನೊಳಗಿನ ಕೋಶಗಳನ್ನು ಗೋಡೆಯ ಇಟ್ಟಿಗೆಗಳಿಗೆ ಹೋಲಿಸಬಹುದು. ಇಟ್ಟಿಗೆಗಳ ನಡುವಣ ಗಾರೆಯೇ ಪೆಕ್ಟಿನ್ ಎಂಬ ವಸ್ತು. ಪೆಕ್ಟಿನ್ ಉದ್ದವಾದ ಅಣುಸರಪಳಿಗಳಿಂದಾಗಿದೆ. ಕ್ಯಾಲ್ಸಿಯಂ ಅಯಾನುಗಳು ಈ ಸರಪಳಿಗಳನ್ನು ಒಂದಕ್ಕೊಂದು ಬಿಗಿಯುತ್ತವೆ. ಬಿಸಿನೀರಿನಲ್ಲಿ ಸರಪಳಿಗಳು ತುಂಡಾಗಿ ಕರಗುತ್ತವೆ, ಗಾರೆ ಸಡಿಲವಾಗುತ್ತದೆ, ಕೋಶಗಳು ಒಂದರಿಂದೊಂದು ಬೇರ್ಪಡುತ್ತವೆ. ಅದೇ ವೇಳೆಗೆ ಒಳಗಿನ ಪಿಷ್ಟ ನೀರು ಹೀರಿ ಉಬ್ಬುತ್ತದೆ. ಬೆರಳಿನಿಂದ ಅಮುಕಿದರೆ ಕಾಳು ಹಿಟ್ಟಾಗುವುದು ಆಗಲೇ.

ಆಮ್ಲವಿರುವ ನೀರಿನಲ್ಲಿ ಪೆಕ್ಟಿನ್ ಸರಪಳಿ ತುಂಡಾಗುವ ಕ್ರಿಯೆ ಬಹಳ ನಿಧಾನವಾಗುತ್ತದೆ. ಹುಳಿಯ ಮರ್ಮ ಇದೇ. ಟೊಮೇಟೊ, ನಿಂಬೆ, ಹುಣಸೆ ಮೂರೂ ಆಮ್ಲೀಯವಾದುದರಿಂದ ಮೂರೂ ಕಾಳನ್ನು ಬೇಯಲು ಬಿಡುವುದಿಲ್ಲ. ಕೊಳವೆಬಾವಿಯ ಗಡಸು ನೀರಿನಲ್ಲಿ ಬೇಳೆ ಬೇಗ ಬೇಯದಿರುವುದಕ್ಕೂ ಪೆಕ್ಟಿನ್ನೇ ಕಾರಣ. ನೀರಿನ ಕ್ಯಾಲ್ಸಿಯಂ ಗಾರೆಯನ್ನು ಇನ್ನಷ್ಟು ಬಿಗಿಮಾಡುತ್ತದೆ. ಅಡಿಗೆ ಸೋಡ ಇದಕ್ಕೆ ವಿರುದ್ಧವಾಗಿ ಕೆಲಸಮಾಡಿ ಕಾಳನ್ನು ಬೇಗ ಮೆತ್ತಗಾಗಿಸುತ್ತದೆ. ಆದರೆ ಅದು ಬಿ-೧ ಜೀವಸತ್ವವನ್ನು ನಾಶಮಾಡುವುದರಿಂದ ನಿತ್ಯದ ಬಳಕೆಗೆ ಸಲ್ಲದು.

ಪರೀಕ್ಷಿಸಬಯಸುವವರು ನೆನೆದ ಕಾಳುಗಳನ್ನು ಇಪ್ಪತ್ತಿಪ್ಪತ್ತರಂತೆ ಮೂರು ಪಾತ್ರೆಗಳಲ್ಲಿ ಹಾಕಿ, ಒಂದಕ್ಕೆ ಬರಿಯ ನೀರು, ಎರಡನೆಯದಕ್ಕೆ ನಿಂಬೆರಸ ಬೆರೆತ ನೀರು, ಮೂರನೆಯದಕ್ಕೆ ಚಿಟಿಕೆ ಸೋಡ ಬೆರೆತ ನೀರು ಹಾಕಿ ನಲವತ್ತು ನಿಮಿಷ ಕುದಿಸಲಿ. ಅನಂತರ ಕಾಳುಗಳನ್ನು ಬೆರಳಿನಿಂದ ಅಮುಕಿ ಹೋಲಿಸಲಿ. ರುಚಿ ನೋಡುವುದು ಮಾತ್ರ ಬೇಡ. ಏಕೆಂಬುದನ್ನು ಮುಂದೆ ತಿಳಿಸುತ್ತೇವೆ.

ಉಷ್ಣತೆಯ ಲೆಕ್ಕ

ನೀರು ೧೦೦ ಡಿಗ್ರಿ ಸೆಲ್ಸಿಯಸಿನಲ್ಲಿ ಕುದಿಯುತ್ತದೆಂಬುದು ಸಮುದ್ರಮಟ್ಟದ ಮಾತು. ಮೇಲೆ ಹೋದಂತೆ ವಾಯುಭಾರ ಕಡಮೆಯಾಗುವುದರಿಂದ ಕುದಿಯುವ ಬಿಂದುವೂ ಇಳಿಯುತ್ತದೆ. ಸುಮಾರು ೯೨೦ ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅದು ಸುಮಾರು ೯೭ ಡಿಗ್ರಿ. ಸುಮಾರು ೨೨೪೦ ಮೀಟರ್ ಎತ್ತರದ ಮೆಕ್ಸಿಕೊ ನಗರದಲ್ಲಿ ಸುಮಾರು ೯೩ ಡಿಗ್ರಿ. ಉಷ್ಣತೆ ೧೦ ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಸುಮಾರು ಇಮ್ಮಡಿಯಾಗುತ್ತದೆಂಬ ಸ್ಥೂಲ ನಿಯಮವನ್ನು ಇಲ್ಲಿ ಅನ್ವಯಿಸೋಣ. ಬೆಂಗಳೂರಿನಲ್ಲಿ ೭೫ ನಿಮಿಷದಲ್ಲಿ ಬೇಯುವ ಕಾಳಿಗೆ ಮೆಕ್ಸಿಕೊ ನಗರದಲ್ಲಿ ಸುಮಾರು ೧೦೦ ನಿಮಿಷ ಬೇಕಾಗುತ್ತದೆ. ಪ್ರೆಷರ್ ಕುಕ್ಕರಿನೊಳಗೆ ಉಷ್ಣತೆ ಸುಮಾರು ೧೨೦ ಡಿಗ್ರಿಗೆ ಏರುವುದರಿಂದ ವೇಗ ಐದುಪಟ್ಟಾಗಿ ಅದೇ ಕಾಳು ೧೫ ನಿಮಿಷದಲ್ಲಿ ಬೇಯುತ್ತದೆ. ಅನುಭವವೂ ಈ ಲೆಕ್ಕಕ್ಕೆ ಹತ್ತಿರವಾಗಿಯೇ ಇದೆ.

ಒಂದು ಎಚ್ಚರಿಕೆ

ಕಾಳು ಚೆನ್ನಾಗಿ ಬೇಯಬೇಕಾದುದು ರುಚಿಗಾಗಿ ಮಾತ್ರವಲ್ಲ. ಈ ಜಾತಿಯ ಹಸಿ ಕಾಳುಗಳಲ್ಲಿ ಫೈಟೊಹೀಮಗ್ಲುಟಿನಿನ್ ಎಂಬ ವಿಷಕಾರಿ ಸಸಾರಜನಕವಿದೆ. ಕೆಂಪು ರಾಜ್ಮಾದಲ್ಲಿ ಅದು ಹೆಚ್ಚು. ಕಪ್ಪು ಕಾಳಿನಲ್ಲಿ ಕಡಮೆಯಾದರೂ ಇಲ್ಲದಿಲ್ಲ. ಹಸಿಯಾದ ಅಥವಾ ಅರೆಬೆಂದ ಕಾಳನ್ನು ತಿಂದವರಿಗೆ ಕೆಲವೇ ಗಂಟೆಗಳಲ್ಲಿ ವಾಂತಿಭೇದಿಗಳಾಗುತ್ತವೆ. ಇನ್ನೂ ಗಮನಿಸಬೇಕಾದುದೇನೆಂದರೆ, ಕುದಿಯದ ನೀರಿನಲ್ಲಿ, ಸುಮಾರು ೮೦ ಡಿಗ್ರಿಯಲ್ಲಿ, ಬಹಳ ಹೊತ್ತು ಇಟ್ಟ ಕಾಳಿನ ವಿಷ ಕುಗ್ಗುವ ಬದಲು ಹೆಚ್ಚಲೂಬಹುದು. ಆದುದರಿಂದ ಮಂದ ಶಾಖದ ಸ್ಲೋ ಕುಕ್ಕರನ್ನು ಇದಕ್ಕೆ ನಂಬಬಾರದು. ಕನಿಷ್ಠ ೫ ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ ೩೦ ನಿಮಿಷ ಕೊತಕೊತನೆ ಕುದಿಸಬೇಕೆಂಬುದು ತಜ್ಞರ ಸಲಹೆ. ಕಾಳು ಮೆತ್ತಗಾಗುವವರೆಗೆ ಬೇಯಿಸಿದರೆ ಈ ಅವಧಿ ತಾನಾಗಿಯೇ ಮೀರುತ್ತದೆ. ಕುಕ್ಕರಿನ ಹೆಚ್ಚಿನ ಉಷ್ಣತೆಯಲ್ಲಿ ವಿಷ ಇನ್ನೂ ಬೇಗ ನಾಶವಾಗುತ್ತದೆ.

ತಟ್ಟೆಯಲ್ಲಿ ಹುಳಿಯ ಉಪಕಾರ

ಹಾಗಾದರೆ ಹುಳಿ ಈ ವ್ಯಂಜನಕ್ಕೆ ಬೇಡವೆ? ಖಂಡಿತ ಬೇಕು. ಕಾಳಿನಲ್ಲಿ ಕಬ್ಬಿಣದ ಅಂಶವಿದ್ದರೂ ನಮ್ಮ ಕರುಳು ಅದರಲ್ಲಿ ಸ್ವಲ್ಪ ಭಾಗವನ್ನು ಮಾತ್ರ ಹೀರಬಲ್ಲುದು. ಅದೇ ಊಟದಲ್ಲಿ ಸಿ ಜೀವಸತ್ವವಿದ್ದರೆ ಅದು ಕಬ್ಬಿಣವನ್ನು ಸುಲಭವಾಗಿ ಹೀರಬಹುದಾದ ರೂಪಕ್ಕೆ ತರುತ್ತದೆ. ಟೊಮೇಟೊ, ನಿಂಬೆ, ಹಸಿಮೆಣಸಿನಕಾಯಿಗಳಲ್ಲಿ ಈ ಜೀವಸತ್ವವಿದೆ. ಆದರೆ ಕಾಯಿಸಿದರೆ ಅದರ ಒಂದು ಭಾಗ ನಷ್ಟವಾಗುತ್ತದೆ. ಸಾಲ್ಸಾ ಹಸಿಯಾಗಿಯೇ ಇರುವುದರ ಪ್ರಯೋಜನ ಇಲ್ಲಿದೆ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ದೇಶದ ೧೫ರಿಂದ ೪೯ ವರ್ಷದ ಮಹಿಳೆಯರಲ್ಲಿ ಶೇಕಡ ೫೭ ಮಂದಿಗೆ ರಕ್ತಹೀನತೆ ಕಂಡುಬಂದಿತು. ಕಬ್ಬಿಣದ ಕೊರತೆ ಅದರ ಮುಖ್ಯ ಕಾರಣಗಳಲ್ಲೊಂದು. ಉಸಲಿಗೆ ನಿಂಬೆಹಣ್ಣು ಹಿಂಡುವುದು ಅಲ್ಪ ಸಂಗತಿಯಲ್ಲವೆಂದು ಇದರಿಂದ ತಿಳಿಯುತ್ತದೆ.

ಮಾಡುವ ಕ್ರಮ

೨೦೦ ಗ್ರಾಂ ಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು, ಹೊಸ ನೀರಿನಲ್ಲಿ ಒಂದು ಸಣ್ಣ ಈರುಳ್ಳಿ ಮತ್ತು ಎರಡು ಎಸಳು ಬೆಳ್ಳುಳ್ಳಿಯೊಡನೆ ಮೇಲೆ ಹೇಳಿದಂತೆ ಬೇಯಿಸಬೇಕು. ಮೆಕ್ಸಿಕೊದವರು ಇದಕ್ಕೆ ಎಪಾಸೋತೆ ಎಂಬ ಸುವಾಸನೆಯ ಸೊಪ್ಪನ್ನು ಸೇರಿಸುತ್ತಾರೆ. ನಮ್ಮಲ್ಲಿ ಅದಿಲ್ಲದೆಯೂ ನಡೆಯುತ್ತದೆ. ಕಪ್ಪು ಕಾಳು ದೊರೆಯದಿದ್ದರೆ ರಾಜ್ಮಾ ಆಗಬಹುದು. ಅದಕ್ಕೆ ಕುಕ್ಕರಿನಲ್ಲಿ ಹೆಚ್ಚು ಹೊತ್ತು ಹಿಡಿಯುತ್ತದೆ. ಕಾಳು ಪೂರ್ತಿ ಮೆತ್ತಗಾದ ಮೇಲೆ ಉಪ್ಪು ಹಾಕಿ, ನೀರನ್ನು ಸ್ವಲ್ಪ ಇಂಗಿಸಬೇಕು.

ಸಾಲ್ಸಾಕ್ಕೆ ಮೂರು ಗಟ್ಟಿ ಟೊಮೇಟೊ, ಅರ್ಧ ಈರುಳ್ಳಿ, ಒಂದೆರಡು ಹಸಿಮೆಣಸಿನಕಾಯಿ, ಒಂದು ಹಿಡಿ ಕೊತ್ತಂಬರಿ ಸೊಪ್ಪುಗಳನ್ನು ಸಣ್ಣಗೆ ಹೆಚ್ಚಿ, ಒಂದು ನಿಂಬೆಹಣ್ಣಿನ ರಸ ಸೇರಿಸಬೇಕು. ಉಪ್ಪನ್ನು ಬಡಿಸುವ ಹೊತ್ತಿಗೇ ಹಾಕುವುದು ಲೇಸು. ಮೊದಲೇ ಹಾಕಿದರೆ ಅಭಿಸರಣ ಕ್ರಿಯೆಯಿಂದ ಟೊಮೇಟೊವಿನ ಕೋಶಗಳೊಳಗಿನ ನೀರು ಹೊರಬಂದು ಸಾಲ್ಸಾ ನೀರಾಗುತ್ತದೆ. ಹೆಚ್ಚಿದ ಟೊಮೇಟೊವಿಗೆ ಉಪ್ಪು ಹಚ್ಚಿ ಕಾಲು ಗಂಟೆ ಜರಡಿಯಲ್ಲಿಟ್ಟರೆ, ಕೆಳಗೆ ಸಂಗ್ರಹವಾಗುವ ರಸವೇ ಇದಕ್ಕೆ ಸಾಕ್ಷಿ.

ಬಿಸಿ ಕಾಳನ್ನು ತಟ್ಟೆಗೆ ಹಾಕಿ ಮೇಲೆ ಸಾಲ್ಸಾವನ್ನು ಹರಡಿದರೆ ವ್ಯಂಜನ ಸಿದ್ಧ. ಮೆಕ್ಸಿಕೊದವರು ಇದನ್ನು ಮೆಕ್ಕೆಜೋಳದ ರೊಟ್ಟಿಯೊಡನೆ ತಿನ್ನುತ್ತಾರೆ. ಜೋಳದ ಸಸಾರಜನಕದಲ್ಲಿ ಕೊರತೆಯಾದುದನ್ನು ಕಾಳು ತುಂಬಿಕೊಡುತ್ತದೆ, ಕಾಳಿನ ಕೊರತೆಯನ್ನು ಜೋಳ ತುಂಬಿಕೊಡುತ್ತದೆ. ನಮ್ಮ ಅನ್ನ ಬೇಳೆಗಳ ಜೋಡಿಯಲ್ಲಿಯೂ ಇದೇ ತತ್ತ್ವವಿದೆ.

ಒಲೆಯ ಮೇಲೆ ತೊಡಕಾಗುವ ಹುಳಿಯೇ ತಟ್ಟೆಯಲ್ಲಿ ಉಪಕಾರಿಯಾಗುತ್ತದೆ. ವ್ಯತ್ಯಾಸವಿರುವುದು ಕಾಲದಲ್ಲಿ ಮಾತ್ರ. ನಮ್ಮ ಹಿರಿಯರೂ ಮೆಕ್ಸಿಕೊದ ಹಿರಿಯರೂ ಪೆಕ್ಟಿನ್ನಿನ ಹೆಸರನ್ನು ಕೇಳದೆಯೇ ಅನುಭವದಿಂದ ಈ ಕ್ರಮವನ್ನು ಕಂಡುಕೊಂಡಿದ್ದರು. ಅದರ ಕಾರಣವನ್ನು ತಿಳಿದು, ಅಳೆದು, ತೂಗಿ ನೋಡುವುದು ವಿದ್ಯಾರ್ಥಿಗಳಾದ ನಮ್ಮ ಪಾಲಿನ ಕೆಲಸ.