ಪೆಡಲ್ ಸುಮ್ಮನಾದಾಗ

“ಸರ್, ಪೆಡಲ್ ಹೋಯ್ತು” ಅಂತ ಹುಡುಗರು ಗಿಟಾರಿನ ಸದ್ದು ಬದಲಿಸುವ ಆ ಪುಟ್ಟ ಪೆಟ್ಟಿಗೆಯನ್ನು ತಂದು ಮೇಜಿನ ಮೇಲೆ ಇಡುತ್ತಾರೆ. ನಾನು ತಕ್ಷಣ ಸ್ಕ್ರೂಡ್ರೈವರ್ ಎತ್ತಿಕೊಳ್ಳುವುದಿಲ್ಲ. ಹೋಯ್ತು ಅಂದರೆ ಹೇಗೆ ಹೋಯ್ತು ಅಂತ ಕೇಳುತ್ತೇನೆ. ಸದ್ದೇ ಇಲ್ಲವೋ, ಸಣ್ಣಗೆ ಬರುತ್ತಿದೆಯೋ, ಕರಕರ ಅನ್ನುತ್ತಿದೆಯೋ, ಗುಂಯ್ ಅನ್ನುತ್ತಿದೆಯೋ? ತುಳಿದು ಆನ್ ಮಾಡಿದಾಗ ಮಾತ್ರ ಹೀಗೋ, ಆಫ್ ಇದ್ದಾಗಲೂ ಹೀಗೆಯೋ?

ಈ ಕೊನೆಯ ಪ್ರಶ್ನೆ ಮುಖ್ಯ. ಕೆಲವು ಪೆಡಲ್‌ಗಳಲ್ಲಿ ಆಫ್ ಮಾಡಿದರೆ ಗಿಟಾರಿನ ಸದ್ದು ಸ್ವಿಚ್ಚಿನ ಮೂಲಕ ನೇರ ಆಚೆಗೆ ಹೋಗುತ್ತದೆ. ಕರೆಂಟ್ ಇಲ್ಲದಿದ್ದರೂ ಹೋಗುತ್ತದೆ. ಇವಕ್ಕೆ ಟ್ರೂ ಬೈಪಾಸ್ ಅನ್ನುತ್ತಾರೆ. ಬಾಸ್ ಡಿಎಸ್-1, ಐಬನೀಜ್ ಟಿಎಸ್9 ಹಾಗಲ್ಲ. ಅವು ಆಫ್ ಇದ್ದಾಗಲೂ ಸದ್ದನ್ನು ಟ್ರಾನ್ಸಿಸ್ಟರ್‌ಗಳ ಮೂಲಕವೇ ದಾಟಿಸುತ್ತವೆ, ಬ್ಯಾಟರಿ ಸತ್ತರೆ ಎರಡೂ ಸ್ಥಿತಿಯಲ್ಲಿ ಮೌನ. ಮೊದಲ ಜಾತಿಯ ಪೆಡಲ್ ಆಫ್‌ನಲ್ಲೂ ಮೂಕವಾಗಿದ್ದರೆ ಜ್ಯಾಕ್, ತಂತಿ, ಸ್ವಿಚ್ ನೋಡಿ. ಎರಡನೆಯ ಜಾತಿಯದಾದರೆ ಮೊದಲು ಕರೆಂಟ್ ನೋಡಿ.

ಫಜ್ ಪೆಡಲ್ ಬಂದರೆ ಮಾತ್ರ ಇನ್ನೊಂದು ತಮಾಷೆ. ಸದ್ದು ಹರಿದುಹೋದ ಹಾಗೆ ಕೇಳುವುದೇ ಅದರ ಕೆಲಸ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಮಾರ್ಟಿ ರಾಬಿನ್ಸ್ ಅವರ ‘ಡೋಂಟ್ ವರಿ’ ಹಾಡು ರೆಕಾರ್ಡ್ ಆಗುವಾಗ ಮಿಕ್ಸರಿನ ಒಂದು ಚಾನೆಲ್ ಕೆಟ್ಟು ಬೇಸ್ ವಾದ್ಯದ ಸದ್ದು ಒಡೆದುಹೋಯಿತು. ಎಂಜಿನಿಯರ್ ಗ್ಲೆನ್ ಸ್ನಾಡಿ ಆ ಒಡಕು ಸದ್ದನ್ನೇ ಬೇಕೆಂದಾಗ ಹುಟ್ಟಿಸುವ ಸರ್ಕ್ಯೂಟ್ ಮಾಡಿದರು; 1962ರಲ್ಲಿ ಅದು ಮೆಸ್ಟ್ರೋ ಫಜ್-ಟೋನ್ ಅಂತ ಮಾರುಕಟ್ಟೆಗೆ ಬಂತು. ಹಾಗಾಗಿ ಸದ್ದು ವಿಚಿತ್ರವಾಗಿದೆ ಅಂತ ರಿಪೇರಿಗೆ ಇಳಿಯುವ ಮುಂಚೆ, ಅದು ನಿನ್ನೆ ಹೇಗಿತ್ತು ಅಂತ ನೆನಪಿಸಿಕೊಳ್ಳಿ.

ಪೆಟ್ಟಿಗೆ ತೆರೆಯುವುದು ಈಗಲೂ ಬೇಡ. ಸಾಲಿನಲ್ಲಿರುವ ಉಳಿದ ಪೆಡಲ್‌ಗಳನ್ನೆಲ್ಲ ತೆಗೆದು, ಗಿಟಾರನ್ನು ನೇರ ಆಂಪ್‌ಗೆ ಕೊಟ್ಟು ನೋಡಿ. ಕೇಬಲ್ ಎರಡನ್ನೂ ಒಂದೊಂದಾಗಿ ಹಾಕಿ. ನನ್ನ ಮೇಜಿಗೆ ಬರುವ ‘ಸತ್ತ’ ಪೆಡಲ್‌ಗಳಲ್ಲಿ ಎಷ್ಟೋ ಇಲ್ಲೇ ಎದ್ದು ಕೂರುತ್ತವೆ.

ಆಮೇಲೆ ಅಡಾಪ್ಟರ್. ಹೆಚ್ಚಿನ ಪೆಡಲ್‌ಗಳಿಗೆ ಬೇಕಾದದ್ದು 9 ವೋಲ್ಟ್ ಡಿಸಿ, ಪಿನ್ನಿನ ನಡುವೆ ಮೈನಸ್. ಮನೆಯ ರೂಟರ್‌ನ ಅಡಾಪ್ಟರ್‌ನಲ್ಲಿ ಸಾಮಾನ್ಯವಾಗಿ ನಡುವೆ ಪ್ಲಸ್ ಇರುತ್ತದೆ, ಆದರೆ ಪಿನ್ನು ನೋಡಲು ಒಂದೇ ಥರ. ಅದನ್ನು ಚುಚ್ಚಿದರೆ ಒಳಗಿನ ಕಾವಲು ಡಯೋಡ್ ಉಲ್ಟಾ ಕರೆಂಟನ್ನೆಲ್ಲ ಮೈಮೇಲೆ ಎಳೆದುಕೊಂಡು, ಕೆಲವೊಮ್ಮೆ ಸುಟ್ಟು, ಪ್ಲಸ್–ಮೈನಸ್ಸನ್ನು ಶಾರ್ಟ್ ಮಾಡಿಬಿಡುತ್ತದೆ. ಡಯೋಡಿನ ಬೆಲೆ ಕೆಲವೇ ರೂಪಾಯಿ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಯಾಗಿ ಸಿಗುತ್ತದೆ.

ಬ್ಯಾಟರಿಯಲ್ಲಿ ನಡೆಯುವ ಪೆಡಲ್ಲಾದರೆ ಇನ್‌ಪುಟ್ ಜ್ಯಾಕನ್ನು ಹತ್ತಿರದಿಂದ ನೋಡಿ. ಅದು ಮೂರು ತುದಿಯ ಸ್ಟೀರಿಯೋ ಜ್ಯಾಕ್. ಬ್ಯಾಟರಿಯ ಕಪ್ಪು ತಂತಿ ನಡುವಿನ ತುದಿಗೆ ಹೋಗಿರುತ್ತದೆ. ಗಿಟಾರಿನ ಪ್ಲಗ್ ಒಳಗೆ ಹೋದಾಗ ಅದರ ಉದ್ದನೆಯ ಲೋಹದ ಮೈ ಆ ತುದಿಯನ್ನು ಗ್ರೌಂಡಿಗೆ ಸೇರಿಸುತ್ತದೆ, ಆಗಲೇ ಬ್ಯಾಟರಿಗೆ ದಾರಿ. ಅಂದರೆ ಜ್ಯಾಕೇ ಮೇನ್ ಸ್ವಿಚ್. ರಾತ್ರಿ ಕೇಬಲ್ ಚುಚ್ಚಿಯೇ ಬಿಟ್ಟು ಮಲಗಿದರೆ ಬ್ಯಾಟರಿ ಖಾಲಿಯಾಗುತ್ತಲೇ ಇರುತ್ತದೆ. ಆ ತಗಡಿನ ನಾಲಿಗೆ ಸಡಿಲವಾದರೆ ಹೊಸ ಬ್ಯಾಟರಿಯೂ ಸತ್ತಂತೆಯೇ.

ಈಗ ಹಿಂಬದಿಯ ತಟ್ಟೆ ಬಿಚ್ಚಿ. ಬಿಚ್ಚಿದೊಡನೆ ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ಯಾವ ತಂತಿ ಎಲ್ಲಿತ್ತು ಅಂತ ಆಮೇಲೆ ಜಗಳ ಬೇಡ. ಜ್ಯಾಕಿನ ನಟ್ ಸಡಿಲವಾಗಿದ್ದರೆ ಪ್ಲಗ್ ತಿರುಗಿದಾಗಲೆಲ್ಲ ಒಳಗಿನ ತಂತಿಯೂ ತಿರುಚಿ ಒಂದು ದಿನ ಕಿತ್ತುಬರುತ್ತದೆ. ನಾನೇ ಒಮ್ಮೆ ಐಸಿ ಮೇಲೆ ಗುಮಾನಿಪಟ್ಟು, ಎಂಟು ಕಾಲು ಬಿಡಿಸಿ ಹೊಸದು ಹಾಕಿ, ಸಂಜೆಯೆಲ್ಲ ಕೂತಮೇಲೆ ಗೊತ್ತಾಯಿತು: ತಪ್ಪು ಇದ್ದದ್ದು ಜ್ಯಾಕಿನ ಕಾಲಿನಲ್ಲಿ. ಅದರ ಬೆಸುಗೆಯ ಸುತ್ತ ಕೂದಲೆಳೆಯಷ್ಟು ಬಿರುಕಿನ ಉಂಗುರ. ರಿಪೇರಿ ಅಂಗಡಿಯಲ್ಲಿ ಡ್ರೈ ಸೋಲ್ಡರ್ ಅನ್ನುವುದು ಇದಕ್ಕೇ. ಪೆಡಲ್ ಆನ್ ಮಾಡಿ, ಮರದ ಕಡ್ಡಿಯಿಂದ ಒಂದೊಂದೇ ಭಾಗವನ್ನು ಮೆಲ್ಲಗೆ ಒತ್ತಿ. ಎಲ್ಲಿ ಒತ್ತಿದಾಗ ಸದ್ದು ಬಂದು ಹೋಗುತ್ತದೋ ಕರೆಂಟ್ ತೆಗೆದು ಅಲ್ಲಿಗೆ ಕಾಯಿಸಿದ ಐರನ್ ಹಿಡಿಯಿರಿ. ತಂತಿಕಾಲು, ತಾಮ್ರ ಎರಡೂ ಬಿಸಿಯಾದಮೇಲೆ ಸೀಸ ಮುಟ್ಟಿಸಬೇಕು. ಎರಡು ಮೂರು ಸೆಕೆಂಡು ಸಾಕು.

ನಾಬ್ ತಿರುಗಿಸುವಾಗ ಮಾತ್ರ ಕರಕರ ಅಂದರೆ ಅದು ಸಾಮಾನ್ಯವಾಗಿ ಧೂಳು. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಇಪ್ಪತ್ತು ಸಲ ಆಚೀಚೆ ತಿರುಗಿಸಿ. ಬಾಗಿಲ ಚಿಲಕಕ್ಕೆ ಹಾಕುವ ಎಣ್ಣೆ ಬೇಡ.

ಇಷ್ಟರಲ್ಲೂ ಸಿಗದಿದ್ದರೆ ಕಾಲುವೆ ಹಿಡಿದು ನಡೆಯಬೇಕು. ಗದ್ದೆಗೆ ನೀರು ಬರದಿದ್ದರೆ ರೈತ ಗದ್ದೆಯಲ್ಲಿ ನಿಂತು ಯೋಚಿಸುವುದಿಲ್ಲ, ಏರಿ ಮೇಲೆ ನಡೆದು ನೀರು ಎಲ್ಲಿಯವರೆಗೆ ಬಂದಿದೆ ಅಂತ ನೋಡುತ್ತಾನೆ. ನಮಗೆ ಅದನ್ನು ಮಾಡಿಕೊಡುವುದು ಆಡಿಯೋ ಪ್ರೋಬ್. ಹಳೆಯ ಗಿಟಾರ್ ಕೇಬಲ್ ಕತ್ತರಿಸಿ. ಹೊರಗಿನ ಜಾಲರಿಗೆ ಮೊಸಳೆ ಕ್ಲಿಪ್ ಬೆಸೆದು ಪೆಡಲಿನ ಗ್ರೌಂಡಿಗೆ ಕಚ್ಚಿಸಿ. ನಡುವಿನ ತಂತಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರಿನ ಒಂದು ಕಾಲು ಬೆಸೆಯಿರಿ. ಇನ್ನೊಂದು ಕಾಲೇ ನಿಮ್ಮ ಮೂಗು. ಕೆಪಾಸಿಟರ್ ಡಿಸಿಯನ್ನು ತಡೆದು ಸದ್ದನ್ನಷ್ಟೇ ಬಿಡುತ್ತದೆ. ಕೇಬಲ್ಲಿನ ಇನ್ನೊಂದು ತುದಿ ಆಂಪ್‌ಗೆ, ವಾಲ್ಯೂಮ್ ತೀರಾ ಕಡಿಮೆ. ಗೆಳೆಯನಿಗೆ ಗಿಟಾರ್ ಮೀಟಲು ಹೇಳಿ, ಇನ್‌ಪುಟ್ ಜ್ಯಾಕಿನಿಂದ ಶುರುಮಾಡಿ ಒಂದೊಂದೇ ಬಿಂದು ಮುಟ್ಟುತ್ತ ಹೋಗಿ. ಎಲ್ಲಿಯವರೆಗೆ ಸದ್ದಿದೆಯೋ ಅಲ್ಲಿಯವರೆಗೆ ಕ್ಷೇಮ. ತಪ್ಪು ಇರುವುದು ಕೊನೆಯ ಸದ್ದಿಗೂ ಮೊದಲ ಮೌನಕ್ಕೂ ನಡುವೆ.

ಆ ನಡುವೆ ಐಸಿ ಸಿಕ್ಕಿದರೆ ಮಲ್ಟಿಮೀಟರ್ ತೆಗೆಯಿರಿ. ಟಿಎಸ್9 ಥರದವುಗಳಲ್ಲಿ ಇರುವ 4558 ಐಸಿಯ 8ನೇ ಕಾಲಿನಲ್ಲಿ ಸುಮಾರು 9 ವೋಲ್ಟ್, 4ರಲ್ಲಿ ಸೊನ್ನೆ, 1 ಮತ್ತು 7ರಲ್ಲಿ ಒಂಬತ್ತರ ಅರ್ಧ, ಸುಮಾರು 4.5 ಇರಬೇಕು. 8ರಲ್ಲಿ 9 ಇದ್ದೂ 1 ಮತ್ತು 7 ಎರಡೂ ಸೊನ್ನೆಯಾದರೆ ಐಸಿಯನ್ನು ಬೈಯುವ ಮೊದಲು ಅರ್ಧ ವೋಲ್ಟೇಜ್ ಹುಟ್ಟಿಸುವ ಎರಡು ರೆಸಿಸ್ಟರ್‌ಗಳನ್ನೂ ಅವುಗಳ ಪಕ್ಕದ ಕೆಪಾಸಿಟರನ್ನೂ ನೋಡಿ. ಡಿಜಿಟಲ್ ಡಿಲೇ, ರಿವರ್ಬ್ ಪೆಡಲ್‌ಗಳ ಒಳಗಿನ ಚಿಪ್ಪುಗಳಿಗೆ ಹೊಸಬರು ಕೈಹಾಕಬೇಡಿ. ಜ್ಯಾಕ್, ಸ್ವಿಚ್, ಕರೆಂಟ್‌ವರೆಗೆ ನೋಡಿ ನಿಲ್ಲಿಸಿ.

ಎಲ್ಲ ಸರಿಹೋಗಿ, ತೆರೆದಿಟ್ಟಾಗ ಚೆನ್ನಾಗಿ ಹಾಡಿ, ತಟ್ಟೆ ಮುಚ್ಚಿ ಸ್ಕ್ರೂ ಬಿಗಿದೊಡನೆ ಮತ್ತೆ ಮೂಕವಾದರೆ ಗಾಬರಿ ಬೇಡ. ಬೋರ್ಡಿಗೂ ಲೋಹದ ತಟ್ಟೆಗೂ ನಡುವೆ ಒಂದು ತೆಳು ಪ್ಲಾಸ್ಟಿಕ್ ಹಾಳೆ ಇತ್ತಲ್ಲ, ಅದು ಮೇಜಿನ ಮೇಲೇ ಉಳಿದಿದೆಯಾ ನೋಡಿ.