ಬಿಸಿ ಮುದ್ದೆ, ಸುಡುವ ಟೀ ಮತ್ತು ಅನ್ನನಾಳ



ನಮ್ಮ ಕುಂದುರ್ಪಿ, ಕಲ್ಯಾಣದುರ್ಗದ ಕಡೆ ರಾಗಿ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ತುತ್ತು ಮುರಿದು, ಸಾರಿನಲ್ಲಿ ಅದ್ದಿ ನುಂಗುವುದೇ ಪದ್ಧತಿ. ಅದೂ ಹೊಗೆಯಾಡುವಾಗಲೇ ಉಣ್ಣಬೇಕು, ಆರಿದರೆ ರುಚಿಯಿಲ್ಲ ಎನ್ನುತ್ತೇವೆ. ಹೊಲಕ್ಕೆ ಹೊರಟ ರೈತನೂ ಸಂತೆಗೆ ಹೊರಟ ವ್ಯಾಪಾರಿಯೂ ಒಲೆಯಿಂದ ಇಳಿದ ಟೀಯನ್ನು ಎರಡೇ ಗುಟುಕಿಗೆ ಮುಗಿಸುವುದುಂಟು. ಇದನ್ನು ಗಟ್ಟಿತನವೆಂದು ಹೆಮ್ಮೆಪಡುವವರೂ ಇದ್ದಾರೆ.

ಬಾಯಿ ಸುಟ್ಟರೆ ನಾಲಿಗೆ ಕೂಡಲೇ ತಿಳಿಸುತ್ತದೆ. ಗಂಟಲಿನಿಂದ ಹೊಟ್ಟೆಗೆ ಇಳಿಯುವ ಅನ್ನನಾಳಕ್ಕೆ ಅಷ್ಟು ಸೂಕ್ಷ್ಮವಾದ ಅರಿವಿಲ್ಲ. ಗುಳಕ್ಕನೆ ನುಂಗಿದ ಬಿಸಿಯನ್ನು ಅದು ಮೌನವಾಗಿ ಸಹಿಸುತ್ತದೆ. ಒಂದು ದಿನ ಸುಟ್ಟದ್ದು ಮಾಯುತ್ತದೆ. ಆದರೆ ವರ್ಷಾನುಗಟ್ಟಲೆ ಅದೇ ಒಳಪೊರೆ ಸುಡುತ್ತಾ ಮಾಯುತ್ತಾ ಇದ್ದರೆ ಕ್ಯಾನ್ಸರಿಗೆ ದಾರಿಯಾಗಬಹುದೆಂದು ತಜ್ಞರು ಹೇಳುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2016ರಲ್ಲಿ, 65 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿ ಪಾನೀಯಗಳನ್ನು ‘ಬಹುಶಃ ಕ್ಯಾನ್ಸರ್ ತರುವಂಥವು’ ಎಂಬ ಪಟ್ಟಿಗೆ ಸೇರಿಸಿತು. ದೋಷ ಟೀಯದಲ್ಲ, ಕಾಫಿಯದಲ್ಲ, ಬಿಸಿಯದು. ಅನ್ನನಾಳದ ಕ್ಯಾನ್ಸರ್ ಹೆಚ್ಚಾಗಿ ಕಾಣುವ ಇರಾನಿನ ಗೋಲೆಸ್ತಾನ್ ಪ್ರಾಂತ್ಯದಲ್ಲಿ ಸುಮಾರು 50 ಸಾವಿರ ಜನರನ್ನು ಹತ್ತು ವರ್ಷ ಗಮನಿಸಿ, 2019ರಲ್ಲಿ ಫಲಿತಾಂಶ ಪ್ರಕಟಿಸಿದರು. 60 ಡಿಗ್ರಿ ಹಾಗೂ ಅದಕ್ಕೂ ಹೆಚ್ಚು ಬಿಸಿಯ ಟೀಯನ್ನು ದಿನಕ್ಕೆ 700 ಮಿ.ಲೀ. ಮೀರಿ ಕುಡಿಯುವವರಿಗೆ, ಕಡಿಮೆ ಬಿಸಿಯದನ್ನು ಕಡಿಮೆ ಕುಡಿಯುವವರಿಗಿಂತ ಅಪಾಯ ಶೇಕಡಾ 90ರಷ್ಟು ಹೆಚ್ಚು ಎಂದು ಕಂಡುಬಂತು. ಹಾಗೆಂದು ಗಾಬರಿ ಬೇಡ. ಆ 50 ಸಾವಿರ ಜನರಲ್ಲಿ ರೋಗ ಬಂದದ್ದು 317 ಮಂದಿಗೆ. ಆದರೆ ಸುಡುವ ಟೀಯ ಜೊತೆಗೆ ಮದ್ಯವೋ ಬೀಡಿಯೋ ಸೇರಿದರೆ ಅಪಾಯ ಬಹಳವಾಗಿ ಏರುತ್ತದೆಂದು ಚೀನಾದಲ್ಲಿ ನಡೆದ, 2018ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ತೋರಿಸಿದೆ.

ಈ ತೀರ್ಮಾನಗಳು ಪಾನೀಯಕ್ಕೆ ಸಂಬಂಧಿಸಿದವು, ನಿಜ. ಆದರೆ ಮುದ್ದೆಯ ಮೇಲ್ಭಾಗ ಆರಿದ್ದರೂ ಒಳಗೆ ಕೆಂಡದಂತೆ ಇರುತ್ತದೆ, ಅದನ್ನು ಬಾಯಲ್ಲಿ ನಿಲ್ಲಿಸದೆ ಇಳಿಸುತ್ತೇವೆ. ಆದ್ದರಿಂದ ಬಡಿಸಿದ ಕೂಡಲೇ ಮುದ್ದೆಯನ್ನು ಎರಡಾಗಿ ಬಿಡಿಸಿ, ಆವಿ ಹೋಗಲು ಬಿಡಿ. ತುತ್ತು ಚಿಕ್ಕದಿರಲಿ. ಟೀಗೆ ಥರ್ಮಾಮೀಟರ್ ಬೇಕಿಲ್ಲ: ಸ್ಟೀಲ್ ಲೋಟವನ್ನು ಬರಿಗೈಯಲ್ಲಿ ನೆಮ್ಮದಿಯಾಗಿ ಹಿಡಿಯಲಾಗದಿದ್ದರೆ ಅದು ಕುಡಿಯುವ ಹದಕ್ಕೆ ಬಂದಿಲ್ಲ. ಹಿಂದಿನವರು ಸಾಸರಿಗೆ ಬಗ್ಗಿಸಿಕೊಂಡು ಕುಡಿಯುತ್ತಿದ್ದರು. ಪೇಟೆಯವರು ನಕ್ಕರು, ನಗುವಂಥದ್ದೇನೂ ಅದರಲ್ಲಿರಲಿಲ್ಲ.

ಇನ್ನೊಂದು ಮಾತು ಮುಖ್ಯ. ಅನ್ನನಾಳದ ಕ್ಯಾನ್ಸರ್ ಮೊದಲು ನೋವು ಕೊಡುವುದಿಲ್ಲ, ತುತ್ತು ತಡೆಯುತ್ತದೆ. ಮೊದಲು ಮುದ್ದೆ, ರೊಟ್ಟಿ ಸಿಕ್ಕಿಕೊಂಡಂತಾಗುತ್ತದೆ, ಆಮೇಲೆ ಮೆತ್ತನೆಯ ಅನ್ನ, ಕೊನೆಗೆ ನೀರೂ ಇಳಿಯುವುದಿಲ್ಲ. ಮನೆಯ ಹಿರಿಯರು ಇದ್ದಕ್ಕಿದ್ದಂತೆ ಮುದ್ದೆ ಬಿಟ್ಟು ಗಂಜಿ ಕೇಳಿದರೆ, ಮೈ ಇಳಿಯುತ್ತಿದ್ದರೆ, ‘ವಯಸ್ಸಾಯಿತು, ಗ್ಯಾಸು’ ಎಂದು ಮಾತ್ರೆ ನುಂಗಿಸಿ ತಿಂಗಳು ಕಳೆಯಬೇಡಿ. ಎರಡು ವಾರದಲ್ಲಿ ಸರಿಹೋಗದಿದ್ದರೆ ವೈದ್ಯರಲ್ಲಿ ಕರೆದೊಯ್ದು, ನಳಿಕೆ ಇಳಿಸಿ ನೋಡುವ ಎಂಡೋಸ್ಕೋಪಿ ಪರೀಕ್ಷೆ ಬೇಕೇ ಎಂದು ಕೇಳಿರಿ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ಇದರ ಚಿಕಿತ್ಸೆಯಿದೆ; ಬೇಗ ಹೋದವರಿಗೆ ಗುಣವಾಗುವ ಅವಕಾಶ ಹೆಚ್ಚು.