ಬರದಲ್ಲಿ ಊರು ಬಿಟ್ಟವರು

1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಗೆ ರೋಗ ಬಿತ್ತು. ಅಲ್ಲಿನ ಬಡವರ ಊಟವೇ ಆಲೂಗಡ್ಡೆ. ಕೆಲವೇ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಹೆಚ್ಚುಕಡಿಮೆ ಅಷ್ಟೇ ಜನ ಹಡಗು ಹತ್ತಿದರು. ಉಸ್ಮಾನಿಯಾ ಸುಲ್ತಾನ್ ಅಬ್ದುಲ್ ಮಜೀದ್ 1000 ಪೌಂಡ್ ಕಳಿಸಿದರು. 1847ರಲ್ಲಿ ಅಮೆರಿಕದ ಚಾಕ್ಟಾ ಆದಿವಾಸಿಗಳೂ ಹಣ ಕೂಡಿಸಿದರು. ಅವರನ್ನೇ ಸ್ವಂತ ನೆಲದಿಂದ ಓಡಿಸಿ ಆಗಿನ್ನೂ ಇಪ್ಪತ್ತು ವರ್ಷ ಆಗಿರಲಿಲ್ಲ! ಐರಿಷರು ಇದನ್ನು ಮರೆತಿಲ್ಲ. ಮಿಡಲ್ಟನ್ ಪಟ್ಟಣದಲ್ಲಿ ಚಾಕ್ಟಾ ಜನರ ನೆನಪಿಗೆ ಉಕ್ಕಿನ ಗರಿಗಳನ್ನು ನಿಲ್ಲಿಸಿದ್ದಾರೆ. 2020ರ ಕೊರೋನಾ ಕಾಲದಲ್ಲಿ ನವಾಹೋ, ಹೋಪಿ ಜನರಿಗೆ ಹಣ ಕಳಿಸಿದರು.

ನಮ್ಮಲ್ಲೂ 1876–78ರಲ್ಲಿ ಅಂಥದೇ ಬರ ಬಂದಿತ್ತು. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷವೂ ಇರಲಿಲ್ಲ. ಅವರ ನೆನಪಿನ ಒಂದು ಕಲ್ಲನ್ನೂ ನಾನು ಕಂಡಿಲ್ಲ. ಆದರೂ ಇದೇ ನಾಡು 1960ರ ದಶಕದ ಆರಂಭದಲ್ಲಿ ಟಿಬೆಟಿನ ನಿರಾಶ್ರಿತರಿಗೆ ಬೈಲಕುಪ್ಪೆಯಲ್ಲಿ ಸುಮಾರು 3000 ಎಕರೆ ಕೊಟ್ಟಿತು.

ದೇವರಮನೆ ಸುತ್ತಿನ ಕಾಫಿ ತೋಟಗಳ ಲೈನ್‌ಮನೆಗಳಲ್ಲಿ ಈಗ ಅಸ್ಸಾಮಿನ ಕುಟುಂಬಗಳಿವೆ. ನಿರಾಶ್ರಿತರಲ್ಲ, ಕೂಲಿಗೆ ಬಂದವರು. ಸಂತೆಯಲ್ಲಿ ಅವರನ್ನು ನೋಡುವ ನೋಟ ಮಾತ್ರ ನನಗೆ ಹಿಡಿಸುವುದಿಲ್ಲ.

ಈ ತಿಂಗಳು ಮನೆಯ ಹಿರಿಯರನ್ನು ಕೇಳಿ ಬರೆದುಕೊಂಡು ಬನ್ನಿ: ನಮ್ಮ ಮನೆಯವರು ಈ ಘಟ್ಟಕ್ಕೆ ಬಂದದ್ದು ಎಲ್ಲಿಂದ, ಯಾವ ಕಷ್ಟಕ್ಕೆ? ಮೊದಲ ರಾತ್ರಿ ಉಂಡದ್ದು ಯಾರ ಮನೆಯಲ್ಲಿ?